ಸೇಫ್ ಮೋಡ್‌ನಿಂದ ಎದ್ದ ಇನ್‌ಫ್ರಾರೆಡ್ ಸೆನ್ಸರ್: ಅಳತೆ ತಪ್ಪಿದ್ದು ಎಲ್ಲಿ ಅಂತ ಹುಡುಕುವುದು ಹೇಗೆ

ಉಪಗ್ರಹ ಸೇಫ್ ಮೋಡ್‌ಗೆ, ಅಂದರೆ ತೊಂದರೆ ಕಂಡಾಗ ಬಹುಪಾಲು ಕೆಲಸ ನಿಲ್ಲಿಸಿ ತನ್ನನ್ನು ಕಾಪಾಡಿಕೊಳ್ಳುವ ಸ್ಥಿತಿಗೆ ಹೋಗಿ, ನಾಲ್ಕಾರು ದಿನ ಬಿಟ್ಟು ವಾಪಸ್ ಬಂದಿದೆ. ಚಿತ್ರ ಬರುತ್ತಿದೆ. ಮೋಡ ಮೋಡದ ಹಾಗೆ, ಕಡಲು ಕಡಲಿನ ಹಾಗೇ ಕಾಣುತ್ತಿದೆ. ಆದರೆ ಕಡಲಿನ ತಾಪಮಾನ ಹೋದ ವಾರಕ್ಕಿಂತ ಅರ್ಧ ಕೆಲ್ವಿನ್ ಜಾಸ್ತಿ. ಕಡಲು ಬಿಸಿಯಾಯಿತಾ, ಸೆನ್ಸರ್ ದಾರಿ ತಪ್ಪಿತಾ? ಈ ಪ್ರಶ್ನೆ ಮುಂದೆ ಬಂದು ಕೂತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಇಂಥ ಹೊತ್ತಿನಲ್ಲಿ ಕೈ ಮೊದಲು ಹೋಗುವುದು ಕ್ಯಾಲಿಬ್ರೇಷನ್ ಟೇಬಲ್ (ಸೆನ್ಸರ್‌ನ ಎಣಿಕೆಯನ್ನು ತಾಪಮಾನವಾಗಿಸುವ ಗುಣಾಂಕಗಳ ಪಟ್ಟಿ) ಕಡೆಗೆ. ಗುಣಾಂಕವನ್ನು ಚೂರು ತಿದ್ದಿದರೆ ಹೊಸ ಗೆರೆ ಹಳೆಯ ಗೆರೆಯ ಮೇಲೆ ಸರಿಯಾಗಿ ಕೂರುತ್ತದೆ, ಅಲ್ವಾ? ಕೂರುತ್ತದೆ, ನಿಜ. ಆದರೆ ಒಂದು ಲೆಕ್ಕ ನೋಡಿ. 11 ಮೈಕ್ರೋಮೀಟರ್ ಬ್ಯಾಂಡ್‌ನಲ್ಲಿ (ಸೆನ್ಸರ್ ನೋಡುವ ಒಂದು ತರಂಗಾಂತರದ ಪಟ್ಟಿ) ನಿಜವಾದ ದೋಷ ಆಫ್‌ಸೆಟ್‌ನಲ್ಲಿದೆ, ಅಂದರೆ ಎಲ್ಲ ಅಳತೆಗೂ ಒಂದೇ ಸಮ ಕೂಡುವ ಸಂಖ್ಯೆಯಲ್ಲಿದೆ ಅಂತ ಇಟ್ಟುಕೊಳ್ಳಿ. ನೀವು ಅದನ್ನು ಗೇನ್ (ಎಣಿಕೆಗೆ ಗುಣಿಸುವ ಸಂಖ್ಯೆ) ತಿದ್ದಿ ಮುಚ್ಚಿದಿರಿ. 290 ಕೆಲ್ವಿನ್‌ನ ಕಡಲಿನಲ್ಲಿ ಆ ಅರ್ಧ ಕೆಲ್ವಿನ್ ಮಾಯವಾಗುತ್ತದೆ. 210 ಕೆಲ್ವಿನ್‌ನ ಮೋಡದ ನೆತ್ತಿಯಲ್ಲಿ ಮಾತ್ರ ಸುಮಾರು 1.2 ಕೆಲ್ವಿನ್ ತಪ್ಪು ಹಾಗೇ ಉಳಿದಿರುತ್ತದೆ, ಯಾರ ಕಣ್ಣಿಗೂ ಬೀಳದೆ.

ಅದಕ್ಕೇ ನಾನು ಶುರುವಿನಲ್ಲೇ ಹೀಗೆ ಇಟ್ಟುಕೊಳ್ಳುತ್ತೇನೆ: ಸೇಫ್ ಮೋಡ್‌ಗೆ ಹೋದ ಸೆನ್ಸರ್ ಬೇರೆ, ಎದ್ದು ಬಂದ ಸೆನ್ಸರ್ ಬೇರೆ. ಎರಡೂ ಒಂದೇ ಅಂತ ಅಳತೆಯೇ ಹೇಳಲಿ, ಆಮೇಲೆ ಜೋಡಿಸೋಣ.

ಉದಾಹರಣೆಗೆ ಜಾಸ್ತಿ ಬಳಸುವುದು ನಾಸಾದ ಮೋಡಿಸ್ ಉಪಕರಣವನ್ನು. ಒಂದು ಮೋಡಿಸ್ 1999ರ ಡಿಸೆಂಬರ್ 18ರಂದು ಟೆರಾ ಉಪಗ್ರಹದಲ್ಲಿ ಹೋಯಿತು, ಇನ್ನೊಂದು 2002ರ ಮೇ 4ರಂದು ಆಕ್ವಾದಲ್ಲಿ. ಆರು ವರ್ಷ ಬಾಳಲಿ ಅಂತ ಕಟ್ಟಿದವು. ಎರಡೂ ಇಪ್ಪತ್ತು ವರ್ಷ ದಾಟಿದವು. ವಯಸ್ಸಾದ ಸೆನ್ಸರ್‌ಗೆ ಬರುವ ಕಾಯಿಲೆಗಳಲ್ಲಿ ಬಹುಪಾಲು ಇವಕ್ಕೆ ಬಂದಿವೆ, ಹೆಚ್ಚಿನವನ್ನು ಜನ ಕೂತು ಬಿಡಿಸಿದ್ದಾರೆ. ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಒಂದು ಸ್ಕ್ಯಾನ್‌ನಲ್ಲಿ ಏನು ನಡೆಯುತ್ತದೆ

ಇದು ಗೊತ್ತಿದ್ದರೆ ದೋಷ ಎಲ್ಲಿ ಅಡಗಬಹುದು ಅನ್ನುವುದು ತಾನಾಗಿ ಹೊಳೆಯುತ್ತದೆ. ಮೋಡಿಸ್‌ನ ಸ್ಕ್ಯಾನ್ ಕನ್ನಡಿಗೆ ಎರಡು ಮುಖ. ಅದು ಸುತ್ತುತ್ತಲೇ ಇರುತ್ತದೆ. ಪ್ರತಿ 1.477 ಸೆಕೆಂಡಿಗೆ ಒಂದು ಮುಖದ ಸರದಿ. ಆ ಸರದಿಯಲ್ಲಿ ಕನ್ನಡಿ ಮೊದಲು ಉಪಕರಣದ ಒಳಗಿರುವ ಬ್ಲ್ಯಾಕ್‌ಬಾಡಿಯನ್ನು, ಅಂದರೆ ತಾಪಮಾನ ಗೊತ್ತಿರುವ, ಶಾಖ ಸೂಸುವ ಕಪ್ಪು ಫಲಕವನ್ನು ನೋಡುತ್ತದೆ. ಆಮೇಲೆ ಒಂದು ಕಿಂಡಿಯಿಂದ ಖಾಲಿ ಬಾಹ್ಯಾಕಾಶವನ್ನು, ಕೊನೆಗೆ ಭೂಮಿಯನ್ನು.

ಬಾಹ್ಯಾಕಾಶದ ನೋಟ ಸೊನ್ನೆ ಕೊಡುತ್ತದೆ. ಬ್ಲ್ಯಾಕ್‌ಬಾಡಿಯ ತಾಪಮಾನವನ್ನು 12 ಥರ್ಮಿಸ್ಟರ್‌ಗಳು (ತಾಪಮಾನ ಅಳೆಯುವ ಪುಟ್ಟ ಸಾಧನಗಳು) ಹೇಳುತ್ತವೆ. ಟೆರಾದಲ್ಲಿ ಬಹುಕಾಲ ಅದನ್ನು 290 ಕೆಲ್ವಿನ್‌ನಲ್ಲಿ, ಆಕ್ವಾದಲ್ಲಿ 285ರಲ್ಲಿ ಇಟ್ಟಿದ್ದರು. ತಾಪಮಾನ ಗೊತ್ತಿದ್ದರೆ ಅದು ಎಷ್ಟು ವಿಕಿರಣ ಕೊಡಬೇಕು ಅಂತ ಪ್ಲಾಂಕ್ ಸೂತ್ರದಿಂದ ಬರುತ್ತದೆ. ಆ ವಿಕಿರಣವನ್ನು, ಡಿಟೆಕ್ಟರ್ (ವಿಕಿರಣವನ್ನು ಹಿಡಿದು ಸಂಖ್ಯೆಯಾಗಿಸುವ ಭಾಗ) ಕೊಟ್ಟ ಎಣಿಕೆಯಿಂದ ಭಾಗಿಸಿದರೆ ಗೇನ್. ಇದು ಪ್ರತಿ ಸ್ಕ್ಯಾನ್‌ಗೂ ಹೊಸದಾಗಿ ಆಗುತ್ತದೆ. ಇದರ ಜೊತೆಗೆ ಎರಡು ಸಣ್ಣ ಪದಗಳಿವೆ: ಒಂದು ಆಫ್‌ಸೆಟ್, ಇನ್ನೊಂದು ಎಣಿಕೆಯ ವರ್ಗಕ್ಕೆ ಗುಣಿಸುವ ಪದ. ಇವು ಸ್ಕ್ಯಾನ್‌ನಿಂದ ಬರುವುದಿಲ್ಲ. ಮೂರು ತಿಂಗಳಿಗೊಮ್ಮೆ ಬ್ಲ್ಯಾಕ್‌ಬಾಡಿಯನ್ನು ಸುಮಾರು 270ರಿಂದ 315 ಕೆಲ್ವಿನ್ ತನಕ ಬಿಸಿ ಮಾಡಿ, ಮತ್ತೆ ತಣ್ಣಗಾಗಲು ಬಿಟ್ಟು, ಆ ಏರಿಳಿತದಿಂದ ತೆಗೆಯುತ್ತಾರೆ.

ಈ ವ್ಯತ್ಯಾಸ ನೆನಪಿರಲಿ. ಗೇನ್ ತನ್ನನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಉಳಿದ ಎರಡು ಪದ ಟೇಬಲ್‌ನಲ್ಲಿ ಸುಮ್ನೆ ಕೂತಿರುತ್ತವೆ, ಸೆನ್ಸರ್ ಬದಲಾದರೂ ಅವು ಹಳೆಯವೇ.

ಮೊದಲ ದಿನ: ಟೇಬಲ್ ಮುಟ್ಟಬೇಡಿ, ಗಡಿಯಾರ ನೋಡಿ

ಟೇಬಲ್‌ಗಳನ್ನು ಹಾಗೇ ಬಿಡಿ. ಕಚ್ಚಾ ಎಣಿಕೆಗಳನ್ನು ಬೇರೆಯಾಗಿ ಉಳಿಸಿ. ಮುಂದಿನ ಪರೀಕ್ಷೆಗಳನ್ನೆಲ್ಲ ಆದಷ್ಟೂ ಕಚ್ಚಾ ಎಣಿಕೆಯ ಮೇಲೆ ಮಾಡಬೇಕು. ಕ್ಯಾಲಿಬ್ರೇಟ್ ಆದ ತಾಪಮಾನದಲ್ಲಿ ಹುಡುಕಿದರೆ ಹಳೆಯ ಟೇಬಲ್‌ನ ತಪ್ಪೂ ಹೊಸ ದೋಷವೂ ಕಲಸಿಕೊಂಡಿರುತ್ತವೆ.

ಆಮೇಲೆ ಟೆಲಿಮೆಟ್ರಿ (ಉಪಗ್ರಹ ತನ್ನ ಸ್ಥಿತಿಯ ಬಗ್ಗೆ ಕಳಿಸುವ ಮಾಹಿತಿ) ತೆಗೆದು ಒಂದೊಂದನ್ನೇ ಬರೆದಿಡಿ. ಒಂದು ಕೆಟ್ಟರೆ ಇನ್ನೊಂದು ಇರಲಿ ಅಂತ ಎಲೆಕ್ಟ್ರಾನಿಕ್ಸ್‌ಗೆ ಎರಡು ಬದಿ ಇರುತ್ತದೆ; ಎ ಬದಿ ಓಡುತ್ತಿದೆಯೋ ಬಿ ಬದಿಯೋ? ಎದ್ದು ಬರುವಾಗ ಬದಿ ಬದಲಾಗಿದ್ದರೆ ಹಳೆಯ ಗುಣಾಂಕಗಳಿಗೆ ಅರ್ಥವೇ ಇಲ್ಲ. ಟೆರಾ ಮೋಡಿಸ್ 2000ರ ಅಕ್ಟೋಬರ್ ಕೊನೆಯಿಂದ ಬಿ ಬದಿಯಲ್ಲಿ ಓಡಿ, 2001ರ ಜುಲೈನಲ್ಲಿ ಎ ಬದಿಗೆ ಮರಳಿತು. ಆ ಅವಧಿಯ ಗುಣಾಂಕಗಳು ಬೇರೆಯೇ. ರೀಸೆಟ್ ಆದಾಗ ಆಫ್‌ಸೆಟ್ ಸೆಟ್ಟಿಂಗ್‌ಗಳು ಮೂಲ ಬೆಲೆಗೆ ಹೋಗಿರಬಹುದು. ಮೋಡಿಸ್ 12 ಬಿಟ್ ಉಪಕರಣ, ಹಾಗಾಗಿ ಎಣಿಕೆ 0ಯಲ್ಲೋ 4095ರಲ್ಲೋ ಅಂಟಿಕೊಂಡಿರುವ ಡಿಟೆಕ್ಟರ್ ಇದೆಯಾ ಅಂತ ನೋಡಿ. ಬಾಗಿಲುಗಳು, ಬ್ಲ್ಯಾಕ್‌ಬಾಡಿಯ ಸೆಟ್ ಪಾಯಿಂಟ್, ಫೋಕಲ್ ಪ್ಲೇನ್ (ಡಿಟೆಕ್ಟರ್‌ಗಳು ಕೂತಿರುವ ತಟ್ಟೆ) ತಾಪಮಾನ, ಕನ್ನಡಿಯ ತಾಪಮಾನ, ಉಪಕರಣದ ಮೈ ತಾಪಮಾನ, ಎಲ್ಲವೂ ಬೇಕು. ಇವು ಒಂದು ಕಡೆ ನಿಲ್ಲುವ ತನಕ ತೀರ್ಮಾನ ಬೇಡ. ಎದ್ದ ಮರುದಿನದ ಡೇಟಾ ಇನ್ನೂ ತಣ್ಣಗಾಗುತ್ತಿರುವ ಉಪಕರಣದ ಡೇಟಾ.

ಗಡಿಯಾರದ ವಿಷಯಕ್ಕೆ ಬರೋಣ. ಒಮ್ಮೆ ನಾನು ಎರಡು ದಿನ ಗೇನ್ ಹಿಂದೆ ಬಿದ್ದಿದ್ದೆ. ಕರಾವಳಿಯ ಹತ್ತಿರದ ಪಿಕ್ಸೆಲ್‌ಗಳಲ್ಲಿ ತಪ್ಪು ದೊಡ್ಡದು, ನಡುಗಡಲಿನಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು. ಹಗಲಲ್ಲಿ ತಪ್ಪಿಗೆ ಒಂದು ಚಿಹ್ನೆ (ಪ್ಲಸ್ ಅಥವಾ ಮೈನಸ್), ರಾತ್ರಿ ಇನ್ನೊಂದು. ಕೊನೆಗೆ ನಕ್ಷೆಯ ಕರಾವಳಿ ಗೆರೆಯನ್ನು ಚಿತ್ರದ ಮೇಲೆ ಹಾಕಿದೆ. ಗೆರೆ ಒಂದು ಕಡೆ, ದಂಡೆ ಇನ್ನೊಂದು ಕಡೆ. ರೀಸೆಟ್ ಆದಾಗ ಸಮಯದ ಮುದ್ರೆ ಜಾರಿತ್ತು, ಅಷ್ಟೇ. 705 ಕಿಲೋಮೀಟರ್ ಎತ್ತರದ ಕಕ್ಷೆಯಲ್ಲಿ ಒಂದು ಸೆಕೆಂಡ್ ತಪ್ಪಿದರೆ ನೆಲದ ಮೇಲೆ ಸುಮಾರು ಏಳು ಕಿಲೋಮೀಟರ್ ತಪ್ಪುತ್ತದೆ. ಹಗಲು ನೆಲ ಕಡಲಿಗಿಂತ ಬಿಸಿ, ರಾತ್ರಿ ತಂಪು. ಹಾಗಾಗಿಯೇ ಚಿಹ್ನೆ ತಿರುಗುತ್ತಿತ್ತು. ಆವತ್ತಿನಿಂದ ಕರಾವಳಿ ಗೆರೆ ಹಾಕಿ ನೋಡದೆ ನಾನು ಯಾವ ಗೇನ್ ಲೆಕ್ಕವನ್ನೂ ಶುರು ಮಾಡುವುದಿಲ್ಲ.

ಸಮಯ ಅಥವಾ ದಿಕ್ಕು ತಪ್ಪಿದರೆ ಇನ್ನೊಂದು ತೊಂದರೆಯೂ ಉಂಟು. ಬಾಹ್ಯಾಕಾಶದ ಕಿಂಡಿಯಲ್ಲಿ ಆಗಾಗ ಚಂದ್ರ ಇಣುಕುತ್ತಾನೆ. ಯಾವಾಗ ಇಣುಕುತ್ತಾನೆ ಅಂತ ಲೆಕ್ಕ ಹಾಕಿ ಆ ಪಿಕ್ಸೆಲ್‌ಗಳನ್ನು ಬಿಡುತ್ತಾರೆ. ಲೆಕ್ಕ ತಪ್ಪಿದರೆ ಚಂದ್ರನ ಶಾಖವೇ ಸೊನ್ನೆ ಅಂತ ದಾಖಲಾಗುತ್ತದೆ. ಕೆಲವೇ ಸ್ಕ್ಯಾನ್‌ಗಳು ಇದ್ದಕ್ಕಿದ್ದಂತೆ ತಣ್ಣಗಾಗಿ ಮತ್ತೆ ಸರಿಯಾಗುತ್ತಿದ್ದರೆ ಮೊದಲ ಅನುಮಾನ ಚಂದ್ರನ ಮೇಲಿರಲಿ.

ಪಟ್ಟೆಗಳನ್ನು ಎಣಿಸಿ

ಚಿತ್ರದಲ್ಲಿ ಅಡ್ಡ ಪಟ್ಟೆ ಬಂದಿದ್ದರೆ ಅದು ನಿಮ್ಮ ಪುಣ್ಯ. ದೋಷ ತನ್ನ ವಿಳಾಸವನ್ನು ತಾನೇ ಹೇಳುತ್ತಿದೆ.

ಮೋಡಿಸ್‌ನ 16 ಶಾಖದ ಬ್ಯಾಂಡ್‌ಗಳಲ್ಲಿ ಒಂದೊಂದಕ್ಕೂ 10 ಡಿಟೆಕ್ಟರ್. ಒಂದು ಸ್ಕ್ಯಾನ್ ಅಂದರೆ 10 ಸಾಲು. ಸಮನಾದ ಕಡಲಿನ ಒಂದು ತುಂಡನ್ನು ರಾತ್ರಿ ಚಿತ್ರದಲ್ಲಿ ಆರಿಸಿ, ದೊಡ್ಡದು ಮಾಡಿ. ಸಾಲುಗಳನ್ನು ಮೇಲಿನಿಂದ ಕೆಳಗೆ ಎಣಿಸುತ್ತಾ ಹೋಗಿ. ಪ್ರತಿ 10 ಸಾಲಿಗೊಮ್ಮೆ ಅದೇ ಕಪ್ಪು ಗೆರೆ ಬಂದರೆ ಒಂದು ಡಿಟೆಕ್ಟರ್‌ನ ದೋಷ. 10 ಸಾಲು ತೆಳು, ಮುಂದಿನ 10 ಸಾಲು ಗಾಢ, ಹೀಗೆ 20ಕ್ಕೊಮ್ಮೆ ಮರಳಿದರೆ ಡಿಟೆಕ್ಟರ್‌ಗಳೆಲ್ಲ ಚೆನ್ನಾಗಿವೆ, ಕನ್ನಡಿಯ ಎರಡು ಮುಖಗಳ ನಡುವೆ ಹೊಂದಾಣಿಕೆ ತಪ್ಪಿದೆ. ಸಾಲುಸಾಲಿಗೂ ಲೆಕ್ಕವಿಲ್ಲದೆ ಕಾಳು ಕಾಳಾಗಿ ಕಂಡರೆ ಅದು ಸದ್ದು (ನಾಯ್ಸ್, ಅಂದರೆ ಸಂಕೇತದಲ್ಲಿನ ಅಡ್ಡಾದಿಡ್ಡಿ ಅಲುಗಾಟ). ಆಗ ಬ್ಲ್ಯಾಕ್‌ಬಾಡಿ ನೋಟದ ಎಣಿಕೆ ತೆಗೆದು ಅದರ ಅಲುಗಾಟ ಲೆಕ್ಕ ಹಾಕಿ. 11 ಮತ್ತು 12 ಮೈಕ್ರೋಮೀಟರ್‌ನ 31, 32ನೇ ಬ್ಯಾಂಡ್‌ಗಳಿಗೆ ಕಟ್ಟುವಾಗ ಇಟ್ಟ ಮಿತಿ 0.05 ಕೆಲ್ವಿನ್. ಅದನ್ನು ದಾಟಿದ ಡಿಟೆಕ್ಟರ್‌ಗೆ ಗುಣಮಟ್ಟದ ಪಟ್ಟಿಯಲ್ಲಿ ಗುರುತು ಹಾಕಿ. ಗುಣಾಂಕ ತಿದ್ದಿದರೆ ಸದ್ದು ಹೋಗುವುದಿಲ್ಲ.

ಕನ್ನಡಿಯ ದೋಷಕ್ಕೆ ಇನ್ನೊಂದು ಮುಖವಿದೆ. ಕನ್ನಡಿ ಬೇರೆ ಬೇರೆ ಕೋನದಲ್ಲಿ ಬೇರೆ ಬೇರೆಯಾಗಿ ಪ್ರತಿಫಲಿಸುತ್ತದೆ. ಪ್ರತಿಫಲಿಸದ ಪಾಲಿಗೆ ತಾನೇ ಶಾಖ ಸೂಸುತ್ತದೆ. ಚಿತ್ರದ 2,330 ಕಿಲೋಮೀಟರ್ ಅಗಲದಲ್ಲಿ ಒಂದು ಅಂಚು ಇನ್ನೊಂದಕ್ಕಿಂತ ಬಿಸಿಯಾಗಿ ಕಂಡರೆ ಇಲ್ಲಿ ಹುಡುಕಿ. ಇದನ್ನು ಅಳೆಯಲು 2003ರಲ್ಲಿ ಟೆರಾವನ್ನೇ ಮೂಗು ಎತ್ತಿಸಿ, ಭೂಮಿ ನೋಡುವ ಕಡೆಯಿಂದಲೂ ಖಾಲಿ ಬಾಹ್ಯಾಕಾಶವೇ ಕಾಣುವ ಹಾಗೆ ಮಾಡಿದ್ದರು. ವಯಸ್ಸಾದ ಉಪಗ್ರಹದಲ್ಲಿ ಅಂಥ ಸಾಹಸಕ್ಕೆ ಒಪ್ಪಿಗೆ ಸಿಗುವುದು ಕಷ್ಟ. ಸಿಕ್ಕರೆ ಬಿಡಬೇಡಿ.

ಗೇನಾ, ಆಫ್‌ಸೆಟ್ಟಾ, ಥರ್ಮಿಸ್ಟರಾ?

ನನ್ನ ಪ್ರಕಾರ ಇಡೀ ಕೆಲಸದ ತಿರುಳು ಇಲ್ಲಿದೆ. ಮೂರಕ್ಕೂ ಬೇರೆ ಬೇರೆ ಹೆಜ್ಜೆ ಗುರುತಿದೆ. ತಪ್ಪನ್ನು ಎರಡು ತಾಪಮಾನದಲ್ಲಿ, ಎರಡು ಬ್ಯಾಂಡ್‌ನಲ್ಲಿ ಅಳೆದರೆ ಗುರುತು ಸಿಕ್ಕಿಬಿಡುತ್ತದೆ. ಒಂದೇ ತಾಪಮಾನದಲ್ಲಿ ಅಳೆದವರಿಗೆ ಮೂರೂ ಒಂದೇ ಥರ ಕಾಣುತ್ತವೆ.

ಗೇನ್ ತಪ್ಪಿದ್ದರೆ ವಿಕಿರಣ ಶೇಕಡಾವಾರು ತಪ್ಪುತ್ತದೆ. ಶೇ. 1ರಷ್ಟು ಅಂದುಕೊಳ್ಳಿ. 300 ಕೆಲ್ವಿನ್‌ನಲ್ಲಿ 11 ಮೈಕ್ರೋಮೀಟರ್ ಬ್ಯಾಂಡ್ ಸುಮಾರು 0.7 ಕೆಲ್ವಿನ್ ತಪ್ಪು ತೋರಿಸುತ್ತದೆ. ಅದೇ ಶೇ. 1ಕ್ಕೆ 3.75 ಮೈಕ್ರೋಮೀಟರ್ ಬ್ಯಾಂಡ್ ತೋರಿಸುವುದು ಸುಮಾರು 0.23 ಮಾತ್ರ. 200 ಕೆಲ್ವಿನ್‌ನ ಮೋಡಕ್ಕೆ ಬಂದರೆ 11 ಮೈಕ್ರೋಮೀಟರ್‌ನ ತಪ್ಪು 0.3ಕ್ಕೆ ಇಳಿಯುತ್ತದೆ. ಅಂದರೆ ಗೇನ್ ದೋಷ ಬಿಸಿ ಕಡೆ ದೊಡ್ಡದು, ತಂಪು ಕಡೆ ಸಣ್ಣದು.

ಆಫ್‌ಸೆಟ್ ತಪ್ಪಿದ್ದರೆ ಇದು ತಲೆಕೆಳಗಾಗುತ್ತದೆ. 11 ಮೈಕ್ರೋಮೀಟರ್‌ನಲ್ಲಿ 300 ಕೆಲ್ವಿನ್‌ಗೆ 0.1 ಕೆಲ್ವಿನ್ ತಪ್ಪು ಮಾಡುವಷ್ಟು ಆಫ್‌ಸೆಟ್ ಇದ್ದರೆ, 200 ಕೆಲ್ವಿನ್‌ನಲ್ಲಿ ಅದೇ ಆಫ್‌ಸೆಟ್ ಸುಮಾರು 0.4 ಕೆಲ್ವಿನ್ ಆಗುತ್ತದೆ. 3.75 ಮೈಕ್ರೋಮೀಟರ್‌ನಲ್ಲಿ ಕಥೆ ಇನ್ನೂ ಕೆಟ್ಟದು. ಅಲ್ಲಿ 200 ಕೆಲ್ವಿನ್‌ನ ವಿಕಿರಣ 300ರದ್ದಕ್ಕಿಂತ ಸುಮಾರು 600 ಪಟ್ಟು ಕಡಿಮೆ. ಅಷ್ಟು ಸಣ್ಣ ಆಫ್‌ಸೆಟ್ಟೇ ನಿಜವಾದ ಸಂಕೇತವನ್ನು ಮುಳುಗಿಸಿಬಿಡುತ್ತದೆ. ಮೋಡದ ನೆತ್ತಿಯಲ್ಲಿ ಆ ಬ್ಯಾಂಡ್ ರಾತ್ರಿ ಹೊತ್ತು ಅರ್ಥವಿಲ್ಲದ ಸಂಖ್ಯೆ ಕೊಡುತ್ತಿದ್ದರೆ, ಕಡಲಿನ ಮೇಲೆ ಸರಿಯಿದ್ದರೆ, ಆಫ್‌ಸೆಟ್ ನೋಡಿ.

ಮೂರನೆಯದು ಬ್ಲ್ಯಾಕ್‌ಬಾಡಿಯ ತಾಪಮಾನವನ್ನೇ ತಪ್ಪಾಗಿ ಓದುವುದು. ಥರ್ಮಿಸ್ಟರ್ ಸರ್ಕಿಟ್‌ನಲ್ಲಿ ಏನೋ ಆಗಿ 290.0 ಕೆಲ್ವಿನ್ ಇರುವುದು 290.1 ಅಂತ ಬರುತ್ತಿದೆ. ಇದರ ಗುರುತು ನನಗೆ ತುಂಬಾ ಇಷ್ಟ. ತಪ್ಪು ತರಂಗಾಂತರವನ್ನು ನೋಡುವುದೇ ಇಲ್ಲ. 3.75 ಆಗಲಿ, 8.5 ಆಗಲಿ, 12 ಆಗಲಿ, 290ರ ಕಡಲಿನಲ್ಲಿ ಎಲ್ಲ ಬ್ಯಾಂಡ್‌ಗಳೂ ಒಟ್ಟಿಗೆ 0.1 ಕೆಲ್ವಿನ್ ಮೇಲೆ ಹೋಗುತ್ತವೆ. ಬೇರೆ ತಾಪಮಾನದಲ್ಲಿ ಆ ತಪ್ಪು, ದೃಶ್ಯದ ತಾಪಮಾನವನ್ನು ಬ್ಲ್ಯಾಕ್‌ಬಾಡಿಯ ತಾಪಮಾನದಿಂದ ಭಾಗಿಸಿ ವರ್ಗ ಮಾಡಿದಷ್ಟು ಪಾಲಿಗೆ ಇಳಿಯುತ್ತದೆ. 200 ಕೆಲ್ವಿನ್‌ಗೆ ಸುಮಾರು 0.05. ಎಲ್ಲ ಬ್ಯಾಂಡ್‌ಗಳು ಹೀಗೆ ಕೈ ಕೈ ಹಿಡಿದು ಸರಿದರೆ 160 ಡಿಟೆಕ್ಟರ್‌ಗಳ ಗುಣಾಂಕ ತಿದ್ದಲು ಹೊರಡಬೇಡಿ. 12 ಥರ್ಮಿಸ್ಟರ್‌ಗಳ ಓದನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ಒಂದು ಮಾತ್ರ ಉಳಿದವುಗಳಿಂದ ದೂರ ಹೋಗಿದ್ದರೆ ಸರಾಸರಿಯಿಂದ ಅದನ್ನು ತೆಗೆಯಿರಿ. ಎಲ್ಲವೂ ಒಟ್ಟಿಗೆ ಸರಿದಿದ್ದರೆ ಅವುಗಳನ್ನು ಓದುವ ಎಲೆಕ್ಟ್ರಾನಿಕ್ಸ್ ಮೇಲೆ ಅನುಮಾನ ಪಡಿ.

ಬ್ಲ್ಯಾಕ್‌ಬಾಡಿಯ ಬಣ್ಣ ಹಳತಾಗಿ ಅದರ ಸೂಸುವ ಶಕ್ತಿ ಕುಂದಿದ್ದರೆ? ಅದು ಬ್ಯಾಂಡ್‌ನಿಂದ ಬ್ಯಾಂಡ್‌ಗೆ ಬೇರೆಯಾಗಿ ಕಾಣುತ್ತದೆ. ವರ್ಷಗಟ್ಟಲೆ ನಿಧಾನವಾಗಿ ಬರುತ್ತದೆ. ಒಂದು ಘಟನೆಯ ಮರುದಿನ ಧುತ್ತೆಂದು ಬರುವ ಕಾಯಿಲೆ ಅದಲ್ಲ.

ಕಾಣಬಾರದ ಕರಾವಳಿ

ಮೇಲಿನ ಮೂರೂ ಪರೀಕ್ಷೆಗೆ ಸಿಗದೆ ತಪ್ಪಿಸಿಕೊಳ್ಳುವ ಒಂದು ದೋಷವಿದೆ: ಕ್ರಾಸ್‌ಟಾಕ್. ಒಂದು ಬ್ಯಾಂಡ್‌ನ ಸಂಕೇತ ಎಲೆಕ್ಟ್ರಾನಿಕ್ಸ್‌ನಲ್ಲಿ ಇನ್ನೊಂದರೊಳಗೆ ಸೋರುವುದು. ತಪ್ಪು ದೃಶ್ಯದಿಂದ ದೃಶ್ಯಕ್ಕೆ ಬದಲಾಗುತ್ತದೆ, ಹಾಗಾಗಿ ಅದು ಗೇನ್ ಥರವೂ ಕಾಣುವುದಿಲ್ಲ, ಆಫ್‌ಸೆಟ್ ಥರವೂ ಕಾಣುವುದಿಲ್ಲ.

2016ರ ಫೆಬ್ರವರಿ 18ರಂದು ಟೆರಾ ಕಕ್ಷೆ ತಿದ್ದುವ ಕೆಲಸದ ನಡುವೆ ಸೇಫ್ ಮೋಡ್‌ಗೆ ಹೋಯಿತು. ಕೆಲವು ದಿನಗಳ ನಂತರ ಮೋಡಿಸ್ ಮತ್ತೆ ಕೆಲಸಕ್ಕೆ ಬಂತು. ಆದರೆ 27ರಿಂದ 30ರ ತನಕದ ಬ್ಯಾಂಡ್‌ಗಳಲ್ಲಿ ಮೊದಲೇ ಸ್ವಲ್ಪ ಇದ್ದ ಕ್ರಾಸ್‌ಟಾಕ್ ಒಮ್ಮೆಗೇ ಜಿಗಿದಿತ್ತು. ಈ ನಾಲ್ಕು ಬ್ಯಾಂಡ್‌ಗಳು ಸುಮ್ನೆ ಇರುವವಲ್ಲ. 27 ಮತ್ತು 28 ನೀರಾವಿ ನೋಡುತ್ತವೆ, 29 ಮೋಡ ಗುರುತಿಸಲು ಬೇಕು, 30 ಓಝೋನ್‌ಗೆ. ಇವು ಕೆಟ್ಟರೆ ಇವನ್ನು ನಂಬಿದ ಮೋಡದ ಪರೀಕ್ಷೆಗಳೂ ದಾರಿ ತಪ್ಪುತ್ತವೆ.

ಇದನ್ನು ಕಣ್ಣಿನಿಂದಲೇ ಹಿಡಿಯಬಹುದು. 27ನೇ ಬ್ಯಾಂಡ್ ಇರುವುದು 6.7 ಮೈಕ್ರೋಮೀಟರ್ ಹತ್ತಿರ. ಆ ತರಂಗಾಂತರದಲ್ಲಿ ನೀರಾವಿ ನೆಲದ ಶಾಖವನ್ನೆಲ್ಲ ಹೀರಿಬಿಡುತ್ತದೆ. ಚಿತ್ರದಲ್ಲಿ ಕಾಣಬೇಕಾದ್ದು ಮೇಲಿನ ವಾಯುಮಂಡಲದ ತೇವ ಮಾತ್ರ: ಹೊಗೆಯಂಥ ಎಳೆಗಳು, ಸುಳಿಗಳು. ಬಿಸಿಲಿನ ಮರುಭೂಮಿ ಕಡಲನ್ನು ಮುಟ್ಟುವ ಜಾಗವೊಂದನ್ನು ಆರಿಸಿ. ಮೋಡವಿಲ್ಲದ ಹಗಲಿನ ಚಿತ್ರ ಇರಲಿ. ಆ ಎಳೆಗಳ ನಡುವೆ ದಂಡೆಯ ಅಂಕುಡೊಂಕು ಗೆರೆ ತೆಳುವಾಗಿ ಕಂಡರೆ ಅದು 27ನೇ ಬ್ಯಾಂಡ್ ನೋಡಿದ್ದಲ್ಲ. ನೆಲ ಕಾಣುವ 29ನೇ ಬ್ಯಾಂಡ್‌ನಂಥ ಪಕ್ಕದವರ ಸಂಕೇತ ಸೋರಿ ಬಂದಿದೆ. ಒಂದು ಎಚ್ಚರಿಕೆ: ತುಂಬಾ ಒಣ ಹವೆಯ ಎತ್ತರದ ಪ್ರಸ್ಥಭೂಮಿಗಳಲ್ಲಿ ನೆಲ ನಿಜವಾಗಿಯೂ ಒಂಚೂರು ಕಾಣಬಹುದು. ಅದಕ್ಕೇ ಸಮುದ್ರ ಮಟ್ಟದ ದಂಡೆಯನ್ನೇ ಆರಿಸಬೇಕು.

ಅಳೆಯಲು ಚಂದ್ರ ಬೇಕು. ಮೊದಲು ತೊಂದರೆ ಕೊಡುತ್ತಾನೆ ಅಂದೆನಲ್ಲ, ಅದೇ ಚಂದ್ರ ಇಲ್ಲಿ ಕೈ ಹಿಡಿಯುತ್ತಾನೆ. ಉಪಗ್ರಹವನ್ನು ಸ್ವಲ್ಪ ಹೊರಳಿಸಿ ಬಾಹ್ಯಾಕಾಶದ ಕಿಂಡಿಯಲ್ಲಿ ಚಂದ್ರ ಬರುವ ಹಾಗೆ ಮಾಡುತ್ತಾರೆ. ಒಂದು ಕಿಲೋಮೀಟರ್ ಬ್ಯಾಂಡ್‌ಗಳಿಗೆ ಅವನು ಆರೇಳು ಪಿಕ್ಸೆಲ್ ಅಗಲದ ಒಂದು ಬಿಲ್ಲೆ, ಸುತ್ತ ಕತ್ತಲು. ಫೋಕಲ್ ಪ್ಲೇನ್ ಮೇಲೆ ಬ್ಯಾಂಡ್‌ಗಳು ಪಕ್ಕಪಕ್ಕದಲ್ಲಿವೆ, ಹಾಗಾಗಿ ಒಂದೊಂದೂ ಚಂದ್ರನನ್ನು ಚೂರು ಹಿಂದೆ ಮುಂದೆ ನೋಡುತ್ತದೆ. 28ನೇ ಬ್ಯಾಂಡ್ ಚಂದ್ರನನ್ನು ನೋಡುವ ಗಳಿಗೆಯಲ್ಲಿ 27ರ ಕಣ್ಣಿಗೆ ಬರೀ ಕತ್ತಲು ಬೀಳಬೇಕು. 27ರ ಎಣಿಕೆಯನ್ನು ಗ್ರಾಫ್ ಮಾಡಿ. ತನ್ನದೇ ಚಂದ್ರನ ದೊಡ್ಡ ಗುಡ್ಡದ ಪಕ್ಕ, ಸರಿಯಾಗಿ 28 ನೋಡುವ ಜಾಗದಲ್ಲಿ, ಒಂದು ಪುಟ್ಟ ಉಬ್ಬು ಇದೆಯಾ? ಕೆಲವೊಮ್ಮೆ ಅದು ತಗ್ಗು, ಅಂದರೆ ಸೋರಿಕೆ ಋಣ ಚಿಹ್ನೆಯದು. ಆ ಉಬ್ಬಿನ ಎತ್ತರವನ್ನು 28ರ ಗುಡ್ಡದ ಎತ್ತರದಿಂದ ಭಾಗಿಸಿ. ಅದೇ ಸೋರಿಕೆಯ ಗುಣಾಂಕ. ಪ್ರತಿ ಡಿಟೆಕ್ಟರ್‌ಗೂ ಬೇರೆ ಬೇರೆ ತೆಗೆಯಬೇಕು.

ಗುಣಾಂಕ ಸಿಕ್ಕ ಮೇಲೆ ತಿದ್ದುಪಡಿ ಬರೀ ಕಳೆಯುವ ಲೆಕ್ಕ. ಆದರೆ ಕ್ರಮ ಮುಖ್ಯ. ಕಳೆಯುವುದು ಭೂಮಿಯ ಎಣಿಕೆಯಿಂದ ಮಾತ್ರ ಅಲ್ಲ, ಬ್ಲ್ಯಾಕ್‌ಬಾಡಿಯ ಎಣಿಕೆಯಿಂದಲೂ. ಅಲ್ಲಿ ಬಿಟ್ಟರೆ ಗೇನ್ ಸೋರಿಕೆಯನ್ನು ಒಳಗೊಂಡೇ ಬರುತ್ತದೆ, ತಿದ್ದಿಯೂ ತಪ್ಪೇ. ಮೋಡಿಸ್‌ನ 6.1ನೇ ಕಲೆಕ್ಷನ್‌ನಲ್ಲಿ (ಡೇಟಾವನ್ನು ಸಂಸ್ಕರಿಸಿ ಹೊರತಂದ ಆವೃತ್ತಿ) ಟೆರಾದ ಈ ನಾಲ್ಕು ಬ್ಯಾಂಡ್‌ಗಳಿಗೆ ಕ್ರಾಸ್‌ಟಾಕ್ ತಿದ್ದುಪಡಿ ಸೇರಿಸಿ ಹಿಂದಿನ ವರ್ಷಗಳನ್ನೂ ಮತ್ತೆ ಸಂಸ್ಕರಿಸಿದರು. ಹಳೆಯ ಫೈಲ್ ಇಟ್ಟುಕೊಂಡಿರುವವರು ಯಾವ ಕಲೆಕ್ಷನ್ ಅಂತ ನೋಡಿಕೊಳ್ಳಿ.

ತಣ್ಣಗಿರಬೇಕಾದ್ದು ತಣ್ಣಗಿದೆಯಾ

ಇನ್‌ಫ್ರಾರೆಡ್ ಡಿಟೆಕ್ಟರ್‌ಗೆ ತನ್ನ ಮೈ ಶಾಖವೇ ಶತ್ರು. ಮೋಡಿಸ್‌ನ ತಂಪು ಫೋಕಲ್ ಪ್ಲೇನ್‌ಗಳನ್ನು 83 ಕೆಲ್ವಿನ್‌ನಲ್ಲಿ ಹಿಡಿದಿಡಬೇಕು. ಆಕ್ವಾದಲ್ಲಿ ವಿಕಿರಣ ಕೂಲರ್‌ನ ಬಲ ವರ್ಷ ಕಳೆದಂತೆ ಕುಗ್ಗಿತು, ಫೋಕಲ್ ಪ್ಲೇನ್ ತಾಪಮಾನ ಕಕ್ಷೆಯ ಜೊತೆ, ಋತುವಿನ ಜೊತೆ ಅಲುಗತೊಡಗಿತು. ಆದರೂ ಡೇಟಾ ಬಹುಮಟ್ಟಿಗೆ ಉಳಿಯಿತು. ಯಾಕೆಂದರೆ ಗೇನ್ ಪ್ರತಿ ಸ್ಕ್ಯಾನ್‌ಗೂ ಹೊಸದಾಗಿ ಬರುತ್ತದೆ, ಅಲುಗಾಟ ಅದಕ್ಕಿಂತ ತುಂಬಾ ನಿಧಾನ.

ಈ ರಕ್ಷಣೆ ಎಲ್ಲರಿಗೂ ಇರುವುದಿಲ್ಲ. 2018ರ ಮಾರ್ಚ್ 1ರಂದು ಹಾರಿದ ಗೋಸ್-17 ಉಪಗ್ರಹದ ಇಮೇಜರ್‌ನಲ್ಲಿ ಶಾಖ ಹೊರಹಾಕುವ ಲೂಪ್ ಹೀಟ್ ಪೈಪ್ ಸರಿಯಾಗಿ ಕೆಲಸ ಮಾಡಲಿಲ್ಲ. ವರ್ಷದ ಕೆಲವು ಅವಧಿಯಲ್ಲಿ ರಾತ್ರಿ ಹೊತ್ತು ಡಿಟೆಕ್ಟರ್‌ಗಳು ಬೇಗ ಬಿಸಿಯಾಗುತ್ತಿದ್ದವು. ಎರಡು ಬ್ಲ್ಯಾಕ್‌ಬಾಡಿ ನೋಟಗಳ ನಡುವೆಯೇ ಗೇನ್ ಜಾರಿಬಿಡುತ್ತಿತ್ತು. ಹಿಂದಿನ ನೋಟದ ಗೇನ್ ಬಳಸಿದರೆ ತಪ್ಪು ಖಚಿತ. ಹಾಗಾಗಿ 2019ರ ಜುಲೈನಿಂದ ಗೇನ್ ಯಾವ ಕಡೆ ಹೋಗುತ್ತಿದೆ ಅಂತ ಮುಂದಾಗಿ ಊಹಿಸಿ ತಿದ್ದುವ ವಿಧಾನ ತಂದರು. ನಿಮ್ಮ ಸೆನ್ಸರ್‌ನಲ್ಲೂ ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ: ಫೋಕಲ್ ಪ್ಲೇನ್ ಬದಲಾಗುವ ವೇಗ ಜಾಸ್ತಿಯೋ, ಬ್ಲ್ಯಾಕ್‌ಬಾಡಿ ನೋಡುವ ವೇಗ ಜಾಸ್ತಿಯೋ?

ಇನ್ನು ಮಂಜುಗಡ್ಡೆ. ಉಪಕರಣದೊಳಗೆ ಉಳಿದ ತೇವ ತಂಪು ಕಿಟಕಿಯ ಮೇಲೆ ಹೆಪ್ಪುಗಟ್ಟುತ್ತದೆ. ಲ್ಯಾಂಡ್‌ಸ್ಯಾಟ್-5ರಲ್ಲಿ ಇದು ಚೆನ್ನಾಗಿ ಗೊತ್ತಿದ್ದ ತೊಂದರೆ. ಗೇನ್ ದಿನದಿನಕ್ಕೂ ನಿಧಾನವಾಗಿ ಬೀಳುತ್ತದೆ, ಬ್ಯಾಂಡ್‌ನಿಂದ ಬ್ಯಾಂಡ್‌ಗೆ ಪ್ರಮಾಣ ಬೇರೆ. ಕಿಟಕಿಯನ್ನು ಬಿಸಿ ಮಾಡಿ ಆವಿ ಹೊರಬಿಟ್ಟರೆ ಹಳೆಯ ಮಟ್ಟಕ್ಕೆ ಜಿಗಿಯುತ್ತದೆ. ಸೇಫ್ ಮೋಡ್‌ನಲ್ಲಿ ಉಪಕರಣ ತಾನಾಗಿ ಬೆಚ್ಚಗಾಗಿದ್ದರೆ ಮಂಜು ಕರಗಿ ಗೇನ್ ಮೇಲೆ ಹೋಗಿರುವ ಸಾಧ್ಯತೆಯೂ ಇದೆ. ಅಂದರೆ ಘಟನೆಯ ನಂತರದ ಬದಲಾವಣೆ ಒಳ್ಳೆಯದೇ ಆಗಿರಬಹುದು.

ಹೊರಗಿನ ಸಾಕ್ಷಿ

ಒಳಗಿನ ಪರೀಕ್ಷೆಗಳೆಲ್ಲ ಒಂದೇ ಬ್ಲ್ಯಾಕ್‌ಬಾಡಿಯನ್ನು ನಂಬಿವೆ. ಅದನ್ನೇ ಅನುಮಾನಿಸುವಾಗ ಹೊರಗಿನವರು ಬೇಕು. ಆಕ್ವಾಗೆ ಒಂದು ಅದೃಷ್ಟವಿದೆ. ಅದೇ ಉಪಗ್ರಹದಲ್ಲಿ ಏರ್ಸ್ ಅನ್ನುವ ಸೌಂಡರ್ (ವಾಯುಮಂಡಲದ ತಾಪಮಾನ, ತೇವ ಅಳೆಯುವ ಉಪಕರಣ) ಕೂಡ ಕೂತಿದೆ, ಅದೇ ಜಾಗವನ್ನು ಅದೇ ಗಳಿಗೆಯಲ್ಲಿ ನೋಡುತ್ತದೆ. ಟೆರಾಗೆ ಹೋಲಿಸಲು 2006ರ ಅಕ್ಟೋಬರ್‌ನಲ್ಲಿ ಹಾರಿದ ಮೆಟಾಪ್-ಎ ಉಪಗ್ರಹದ ಇಯಾಸಿ ಸೌಂಡರ್ ಬಹುಕಾಲ ಒದಗಿತು. ಇವು ತರಂಗಾಂತರವನ್ನು ತುಂಬಾ ಸಣ್ಣ ಸಣ್ಣ ತುಂಡು ಮಾಡಿ ಅಳೆಯುತ್ತವೆ. ಆ ತುಂಡುಗಳನ್ನು ನಿಮ್ಮ ಬ್ಯಾಂಡ್‌ನ ಆಕಾರಕ್ಕೆ ಕೂಡಿಸಿ ಹೋಲಿಸಬೇಕು.

ಆದರೆ ಟೆರಾ ಮತ್ತು ಮೆಟಾಪ್‌ನಂಥ ಎರಡು ಉಪಗ್ರಹಗಳು ಒಂದೇ ಜಾಗದ ನೇರ ಮೇಲೆ ಒಂದೇ ಹೊತ್ತಿಗೆ ಬರುವುದು ಧ್ರುವಗಳ ಹತ್ತಿರ ಮಾತ್ರ. ಅಲ್ಲಿ ಸಿಗುವ ದೃಶ್ಯಗಳೆಲ್ಲ ತಂಪು. ಅಲ್ಲಿ ಆಫ್‌ಸೆಟ್ ಚೆನ್ನಾಗಿ ಕಾಣುತ್ತದೆ, ಬಿಸಿ ಕಡೆಯ ಗೇನ್ ಬಗ್ಗೆ ಮಾತ್ರ ಏನೂ ಗೊತ್ತಾಗುವುದಿಲ್ಲ. ಅಂಟಾರ್ಕ್ಟಿಕಾದ ಡೋಮ್ ಸಿ ಕೂಡ ಹಾಗೇ. ಸಮತಟ್ಟಾದ ಹಿಮ, ಸುಮಾರು 3,200 ಮೀಟರ್ ಎತ್ತರ, ಒಣ ಹವೆ, ದಿನಕ್ಕೆ ಹಲವು ಸಲ ಉಪಗ್ರಹ ಹಾಯುತ್ತದೆ. ತಂಪು ಕಡೆಗೆ ಚಿನ್ನದಂಥ ಜಾಗ. ಬಿಸಿ ಕಡೆಗೆ ರಾತ್ರಿಯ ಕಡಲು ಮತ್ತು ಬಾಯ್‌ಗಳ (ಕಡಲಲ್ಲಿ ತೇಲುತ್ತಾ ನೀರಿನ ತಾಪಮಾನ ಅಳೆಯುವ ಸಾಧನಗಳು) ಅಳತೆ ತೆಗೆದುಕೊಳ್ಳಿ. ಎರಡೂ ತುದಿ ಬೇಕೇ ಬೇಕು.

ಇಲ್ಲಿ ಒಂದು ಬಲೆ ಇದೆ. ಇಂಧನ ಕಡಿಮೆಯಾದದ್ದರಿಂದ ಟೆರಾದ ಕಕ್ಷೆಯ ಓರೆ ತಿದ್ದುವುದನ್ನು 2020ರ ಫೆಬ್ರವರಿಯ ನಂತರ ನಿಲ್ಲಿಸಿದರು. ಬೆಳಿಗ್ಗೆ 10:30ಕ್ಕೆ ಹಾಯುತ್ತಿದ್ದದ್ದು ಬರಬರುತ್ತಾ ಬೇಗ ಹಾಯತೊಡಗಿತು. 2022ರ ಅಕ್ಟೋಬರ್‌ನಲ್ಲಿ ಅದನ್ನು ಕೆಳಗಿನ ಕಕ್ಷೆಗೂ ಇಳಿಸಿದರು. ಬೆಳಿಗ್ಗೆ ಹೊತ್ತಿನಲ್ಲಿ ನೆಲ ಗಂಟೆ ಗಂಟೆಗೂ ಬಿಸಿಯಾಗುತ್ತಿರುತ್ತದೆ. ಮೊದಲೇ ಹೋಗಿ ನೋಡಿದರೆ ತಂಪಾಗಿ ಕಂಡೀತು, ಅದು ಸೆನ್ಸರ್‌ನ ದೋಷವಲ್ಲ. ವಯಸ್ಸಾದ ಉಪಗ್ರಹದ ದೀರ್ಘ ಸರಣಿಯನ್ನು ಮರುಭೂಮಿಯ ಹಗಲಿನ ತಾಪಮಾನದಿಂದ ತೂಗಲು ಹೋಗಬೇಡಿ.

ಈಗ ಟೇಬಲ್

ದೋಷ ಯಾವುದು ಅಂತ ಗೊತ್ತಾದ ಮೇಲೆಯೇ ಬ್ಲ್ಯಾಕ್‌ಬಾಡಿ ಬಿಸಿ ಮಾಡುವ ಸುತ್ತು ಕೇಳಿ. ಮೂರು ತಿಂಗಳ ಸರದಿಗೆ ಕಾಯಬಾರದು. ಏರುವಾಗಿನ ಮತ್ತು ಇಳಿಯುವಾಗಿನ ಗುಣಾಂಕಗಳನ್ನು ಬೇರೆ ಬೇರೆ ತೆಗೆದು ಹೋಲಿಸಿ. ಎರಡೂ ಹೊಂದದಿದ್ದರೆ ಬ್ಲ್ಯಾಕ್‌ಬಾಡಿಯ ಮೈ ಎಲ್ಲ ಕಡೆ ಒಂದೇ ತಾಪಮಾನದಲ್ಲಿ ಇಲ್ಲ ಅಂತ ಅರ್ಥ. ಆಕ್ವಾದ 33, 35, 36ನೇ ಬ್ಯಾಂಡ್‌ಗಳು ಬ್ಲ್ಯಾಕ್‌ಬಾಡಿ ಜಾಸ್ತಿ ಬಿಸಿಯಾದಾಗ ತುಂಬಿ ಹೋಗುತ್ತವೆ, ಅಂದರೆ ಎಣಿಕೆ ತನ್ನ ಮಿತಿಯಲ್ಲಿ ನಿಂತುಬಿಡುತ್ತದೆ. ಅಂಥವುಗಳಿಗೆ ಆ ಗಂಟೆಗಳ ಗೇನ್ ಬಳಸದೆ, ಮೊದಲೇ ಇಟ್ಟ ಬೆಲೆ ಬಳಸಬೇಕು.

ಬ್ಲ್ಯಾಕ್‌ಬಾಡಿಯನ್ನು ಬೇಕಾದಾಗ ನೋಡುವ ಅವಕಾಶವೇ ಇಲ್ಲದ ಸೆನ್ಸರ್‌ಗಳೂ ಇವೆ. ಲ್ಯಾಂಡ್‌ಸ್ಯಾಟ್-8ರ ಟರ್ಸ್ ಅನ್ನುವ ಇನ್‌ಫ್ರಾರೆಡ್ ಸೆನ್ಸರ್‌ನಲ್ಲಿ ಭೂಮಿ, ಬ್ಲ್ಯಾಕ್‌ಬಾಡಿ, ಬಾಹ್ಯಾಕಾಶದ ನಡುವೆ ತಿರುಗುವ ಕನ್ನಡಿಯ ಸ್ಥಾನ ಓದುವ ಎನ್‌ಕೋಡರ್‌ನಲ್ಲಿ ತೊಂದರೆ ಬಂತು. 2015ರ ನವೆಂಬರ್‌ನಲ್ಲಿ ಅದನ್ನು ಆರಿಸಬೇಕಾಯಿತು. ಆಮೇಲೆ ಆ ನೋಟಗಳು ಅಪರೂಪವಾದವು. ಅಂಥ ಕಡೆ ಹೊರಗಿನ ಸಾಕ್ಷಿಗಳೇ ಆಧಾರ. ಅನಿಶ್ಚಿತತೆಯ ಸಂಖ್ಯೆಯನ್ನು ದೊಡ್ಡದು ಮಾಡಿ ಬರೆಯಲು ಹಿಂಜರಿಯಬೇಡಿ.

ಹೊಸ ಗುಣಾಂಕವನ್ನು ಹೊಸ ದಿನಾಂಕದ ಅಡಿಯಲ್ಲಿ ಹಾಕಿ. ಹಳೆಯದರ ಮೇಲೆ ಬರೆಯಬೇಡಿ. ಟೇಬಲ್‌ನ ಜೊತೆ ಒಂದು ಟಿಪ್ಪಣಿ ಇರಲಿ: ಘಟನೆ ಶುರುವಾದ ಹೊತ್ತು, ಮುಗಿದ ಹೊತ್ತು, ತಾಪಮಾನಗಳು ನಿಂತ ಹೊತ್ತು, ಯಾವ ಡಿಟೆಕ್ಟರ್ ಕೈಬಿಟ್ಟಿರಿ, ಯಾಕೆ, ಯಾವ ಹೋಲಿಕೆಯಿಂದ. ತಾಪಮಾನಗಳು ನಿಲ್ಲುವ ಮೊದಲಿನ ಡೇಟಾಗೆ ಗುರುತು ಹಾಕಿ, ಅಳಿಸಬೇಡಿ. ಗುಣಾಂಕವನ್ನು ಕಾಲದ ಜೊತೆ ನಯವಾಗಿ ಹೊಂದಿಸುವ ಗೆರೆ ಬಳಸುತ್ತಿದ್ದರೆ ಅದನ್ನು ಘಟನೆಯ ದಿನದಲ್ಲಿ ಮುರಿದು ಎರಡು ಗೆರೆ ಮಾಡಿ. ಇಲ್ಲದಿದ್ದರೆ ಘಟನೆಗೆ ಮೊದಲಿನ ಚೆನ್ನಾಗಿದ್ದ ತಿಂಗಳುಗಳಿಗೂ ಆ ಜಿಗಿತ ಹರಡಿಕೊಳ್ಳುತ್ತದೆ.

ಮುಂದಿನ ಬಿಸಿ ಮಾಡುವ ಸುತ್ತು ಮತ್ತು ಮುಂದಿನ ಚಂದ್ರನ ನೋಟ ಬರುವ ತನಕ ಹೊಸ ಟೇಬಲ್‌ಗೆ ತಾತ್ಕಾಲಿಕ ಅಂತಲೇ ಹೆಸರಿಡಿ. ಟೆರಾದ ಕ್ರಾಸ್‌ಟಾಕ್ ಗುಣಾಂಕಗಳನ್ನು ಒಂದೇ ಸಲ ತೆಗೆದು ಬಿಟ್ಟಿಲ್ಲ, ಮತ್ತೆ ಮತ್ತೆ ಚಂದ್ರನ ನೋಟಗಳಿಂದ ಹೊಸದು ಮಾಡುತ್ತಾ ಬಂದಿದ್ದಾರೆ. ನಿಮ್ಮ ಎರಡನೇ ನೋಟದ ಗುಣಾಂಕ ಮೊದಲನೆಯದಕ್ಕೆ ಹೊಂದಿದರೆ ತಾತ್ಕಾಲಿಕ ಅನ್ನುವ ಪದ ತೆಗೆಯಿರಿ. ಹೊಂದದಿದ್ದರೆ ಸೆನ್ಸರ್ ಇನ್ನೂ ಬದಲಾಗುತ್ತಿದೆ. ಮತ್ತೆ ಕಚ್ಚಾ ಎಣಿಕೆಯಿಂದ ಶುರು ಮಾಡಿ.